ಸುಮನಳ ಝಂಡಾ

ಸುಮನ ತೀರಿಕೊಂಡ ಸುದ್ದಿ ಭಾಲ್ಕಿಗೆ ಮುಟ್ಟಿದ್ದು ಒಂದು ಭಾನುವಾರ ಬೆಳಿಗ್ಗೆ. ಮುಂಗಾರಿನ ಮಿರಗದ ಮಳೆ ಎರಡು ಸಲ ಬಿದ್ದು ನಿಂತಿತ್ತು. ಕೌಸಲ್ಯಾಬಾಯಿ ಅಡುಗೆಮನೆಯ ಬಾಗಿಲಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಫೋನಿನಲ್ಲಿ ಬಂದದ್ದು ಪರಿಚಯವಿಲ್ಲದ ಹೆಣ್ಣುದನಿ.

“ದೊಡ್ಡವ್ವಾ, ನಾ ಪ್ರಣಿತಾ ಇದ್ದೇನ್ರಿ, ಬೀದರದಿಂದ. ಅವ್ವ ಹೋದ್ಳರಿ.”

ಅವ್ವ ಎಂದರೆ ಯಾರು ಎಂದು ಕೌಸಲ್ಯಾಬಾಯಿ ಕೇಳಲಿಲ್ಲ. ಹಿಂದಿನ ತಿಂಗಳು ಬುದ್ಧಪೂರ್ಣಿಮೆಗೆ ಸುಮನ ಮಾತಾಡಿದಾಗಲೇ ದನಿ ಬತ್ತಿಹೋಗಿತ್ತು. “ಕಿಡ್ನಿ ಕೆಟ್ಟಾವಕ್ಕಾ. ಪ್ರಣಿತಾ ಅಂತ ಮಗಳದಾಳ, ನೋಡ್ಕೋತಾಳ” ಎಂದಿದ್ದಳು.

ಸುಮನ ಕೌಸಲ್ಯಾಬಾಯಿಯ ಒಡಹುಟ್ಟು. ಖಟಕ ಚಿಂಚೋಳಿಯ ತವರಿನಲ್ಲಿ ಮೂರು ಮಕ್ಕಳ ಪೈಕಿ ಕಡೆಯವಳು. ಹುಟ್ಟಿದಾಗ ಗಂಡುಮಗು ಎಂದು ತಿಳಿದು ಉತ್ತಮ ಎಂದು ಹೆಸರಿಟ್ಟಿದ್ದರು; ಸುಮನ ಎಂಬುದು ಆಮೇಲೆ ಅವಳೇ ಇಟ್ಟುಕೊಂಡ ಹೆಸರು. ಹದಿನೆಂಟರ ಹೊತ್ತಿಗೆ, ತಾನು ಗಂಡಲ್ಲ ಎಂದು ಅವಳು ಮನೆಯಲ್ಲಿ ಬಾಯಿಬಿಟ್ಟಳು. ಹಿರಿಯಣ್ಣ ದತ್ತಾತ್ರಿ ಹೊಡೆದ. ವಾರದೊಳಗೆ ಅವಳು ಊರು ಬಿಟ್ಟಳು. ಆಮೇಲೆ ದತ್ತಾತ್ರಿ, ತಮ್ಮ ಮುಂಬಯಿಯಲ್ಲಿ ಜ್ವರ ಬಂದು ಸತ್ತನೆಂದು ಊರಿಗೆಲ್ಲ ಹೇಳಿ, ಬುದ್ಧವಿಹಾರದಲ್ಲಿ ಸತ್ತವರ ಹೆಸರಲ್ಲಿ ಮಾಡುವ ಪುಣ್ಯಾನುಮೋದನವನ್ನೂ ಮಾಡಿಸಿಬಿಟ್ಟ. ಊರು ನಂಬಿತು. ತಾಯಿ ನಂಬಿದವಳ ಹಾಗೆ ಇದ್ದು ಕಣ್ಣು ಮುಚ್ಚಿದಳು. ಎಷ್ಟೋ ವರ್ಷದ ಮೇಲೆ ಒಂದು ಬುದ್ಧಪೂರ್ಣಿಮೆಯ ದಿನ ಕೌಸಲ್ಯಾಬಾಯಿಯ ಫೋನಿನಲ್ಲಿ “ಅಕ್ಕಾ” ಎಂಬ ದನಿ ಕೇಳಿತು. ಅಲ್ಲಿಂದ ವರ್ಷಕ್ಕೊಮ್ಮೆ ಕೌಸಲ್ಯಾಬಾಯಿ ಮಾಳಿಗೆಯ ಮೇಲೆ ಹೋಗಿ ಮಾತಾಡಿ, ಮುಖ ಒರೆಸಿಕೊಂಡು ಕೆಳಗಿಳಿಯುತ್ತಿದ್ದಳು. ಬಾ ಎಂದು ಇವಳು ಕರೆಯಲಿಲ್ಲ, ಬರಲೇ ಎಂದು ಅವಳು ಕೇಳಲಿಲ್ಲ.

ಮಗ ಸಂಘಪಾಲ ಭಾಲ್ಕಿಯಲ್ಲೇ ಹೈಸ್ಕೂಲು ಮಾಸ್ತರ. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದವನು ತಲೆಯೆತ್ತಿದ.

“ಯಾರದವ್ವ ಫೋನು?”

“ಬೀದರಕ ಹೋಗ್ಬೇಕು, ಅಂಗಿ ಹಾಕ್ಕೋ. ಉತ್ತಮಂದು ಸುದ್ದಿ.”

“ಉತ್ತಮ ಮಾಮಾಂದಾ? ಮಾಮಾ ಸತ್ತು ಮೂವತ್ತೈದು ವರ್ಷ ಆತಲ್ಲ?”

“ಇಲ್ಲಪ್ಪ. ಇವತ್ತ ಮುಂಜಾನಿ ಸತ್ತಾಳ.”

ಉಳಿದದ್ದನ್ನು ಅವಳು ಬಸ್ಸಿನಲ್ಲಿ ಹೇಳಿದಳು. ಸಂಘಪಾಲ ಕಿಟಕಿಯ ಕಡೆ ನೋಡುತ್ತ ಕೇಳಿದ. ಮಾಮಾ ಎಂದರೆ ಅವನಿಗೆ ನೆನಪಿದ್ದುದು ಇಷ್ಟೇ: ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಒಯ್ಯುತ್ತಿದ್ದ, ದಾರಿಯುದ್ದಕ್ಕೂ ಹಾಡುತ್ತಿದ್ದ ಒಂದು ತೆಳ್ಳಗಿನ ದೇಹ. ಆಮೇಲೆ ಅವನೆಂದ:

“ಬರೋ ರವಿವಾರ ಕಮಲನಗರದವರು ಸಾನಿಕಾನ ನೋಡ್ಲಿಕ್ಕ ಬರ್ತಾರವ್ವ. ಇದು ಅವರ ಕಿವಿಗಿ ಬಿದ್ರ?”

ಸಾನಿಕಾ ಅವನ ಮಗಳು, ಆ ವರ್ಷವಷ್ಟೇ ಡಿಗ್ರಿ ಮುಗಿಸಿದ್ದಳು.

“ಬೀಳ್ಲಿ ಅನ್ಲಿಕ್ಕ ನನಗ ಧೈರ್ಯ ಇಲ್ಲ,” ಎಂದಳು ಕೌಸಲ್ಯಾಬಾಯಿ. “ಬೀಳಬಾರ್ದು ಅಂತ ಹೆಣಾ ಬಿಟ್ಟು ಬರ್ಲಿಕ್ಕೂ ಆಗಂಗಿಲ್ಲ.”

ಆಸ್ಪತ್ರೆಯ ಹಿಂಭಾಗದಲ್ಲಿ, ಶವಾಗಾರದ ಮುಂದಿನ ಬೇವಿನ ಕಟ್ಟೆಯ ಮೇಲೆ ಪ್ರಣಿತಾ ಕೂತಿದ್ದಳು. ಮೂವತ್ತರ ಆಸುಪಾಸಿನ ಎತ್ತರದ ಹೆಂಗಸು. ಬೀದರ ಪಕ್ಕದ ಕೊಳಾರದ ಕಾರಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಅವಳೂ ಸುಮನಳ ಹಾಗೆಯೇ, ಗಂಡೆಂದು ಬೆಳೆಸಿದ ಮನೆ ಬಿಟ್ಟು ಬಂದವಳು. ಸುಮನ ಅವಳನ್ನು ತನ್ನ ಕೋಣೆಗೆ ಕರೆದುಕೊಂಡು, ಮಗಳೆಂದು ಇಟ್ಟುಕೊಂಡಿದ್ದಳು. ಹೆಣವನ್ನು ರಕ್ತಸಂಬಂಧಿಗಳ ಕೈಗಷ್ಟೇ ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದಕ್ಕೆ ಬೆಳಗಿನಿಂದ ಅಲ್ಲೇ ಕಾದಿದ್ದಳು.

ಕೌಸಲ್ಯಾಬಾಯಿ ಒಳಗೆ ಹೋಗಿ ಬಿಳಿ ಬಟ್ಟೆ ಸರಿಸಿ ನೋಡಿದಳು. ತಮ್ಮನ ಮುಖ ಹುಡುಕಲು ಹೋದವಳಿಗೆ ಅಲ್ಲಿ ಅವ್ವನ ಮುಖ ಕಂಡಿತು. ಅದೇ ಹಣೆ, ಅದೇ ಗದ್ದದ ಗುಳಿ, ಕಿವಿಯ ಪಕ್ಕ ಅದೇ ರೀತಿ ಬೆಳ್ಳಗಾದ ಕೂದಲು. ಯಾರೋ ಎಣ್ಣೆ ಹಚ್ಚಿ ಜಡೆ ಹೆಣೆದಿದ್ದರು. ಅವಳು ಆ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಳು. ಮಗ ಬಂದು ತೋಳು ಮುಟ್ಟಿದಾಗಲೇ ಬಿಟ್ಟದ್ದು.

ಹೊರಗೆ ಸಂಘಪಾಲ ಮೆಲ್ಲಗೆ ಹೇಳಿದ: “ಇಲ್ಲೇ ಬೀದರದಾಗ ಮುಗಿಸೋಣವ್ವ. ಯಾರಿಗೂ ತ್ರಾಸಿಲ್ಲ.”

ಪ್ರಣಿತಾ ಎದ್ದು ನಿಂತಳು. “ಸರ್, ನಿಮಗ ನಾ ಏನೂ ಕೇಳಂಗಿಲ್ರಿ. ಅವ್ವ ಎರಡು ಮಾತು ಹೇಳಿದ್ಳು, ಅಷ್ಟು ಹೇಳ್ತೇನಿ. ಒಂದು, ಸತ್ತ ಮ್ಯಾಲಾದ್ರೂ ನಮ್ಮವ್ವನ ಮಗ್ಗಲಕ ಒಯ್ರಿ ಅಂದಿದ್ಳು. ಇನ್ನೊಂದು, ಇದು ಹೊಚ್ಚಿ ಕಳಸ್ರಿ ಅಂದಿದ್ಳು.”

ಚೀಲದಿಂದ ಮಡಿಸಿಟ್ಟ ಬಟ್ಟೆಯೊಂದನ್ನು ತೆಗೆದಳು. ತಿಳಿ ನೀಲಿ, ಗುಲಾಬಿ, ಬಿಳಿ, ಮತ್ತೆ ಗುಲಾಬಿ, ಮತ್ತೆ ತಿಳಿ ನೀಲಿ. ಕೈಹೊಲಿಗೆ, ಗುಲಾಬಿ ಪಟ್ಟಿ ಯಾವುದೋ ಹಳೆಯ ಸೀರೆಯಿಂದ ಕತ್ತರಿಸಿದ್ದು.

“ಇದು ಯಾವ ಪಾರ್ಟೀದು?” ಎಂದ ಸಂಘಪಾಲ.

“ಪಾರ್ಟೀದಲ್ರಿ. ನಮ್ಮ ಝಂಡಾ.”

“ಬ್ಯಾಡ ಬ್ಯಾಡ. ಅದು ಚೀಲದಾಗೇ ಇರ್ಲಿ.”

ಕೌಸಲ್ಯಾಬಾಯಿ ಮಗನ ಮುಖ ನೋಡಿದಳು, ಆಮೇಲೆ ಆ ಬಟ್ಟೆಯನ್ನು. “ಊರಿಗಂತೂ ಒಯ್ಯೋದೇ,” ಎಂದಳು. “ಝಂಡಾದ ಮಾತು ದಾರ್‍ಯಾಗ ನೋಡೋಣ. ಅರ್ಥ ತಿಳೀಲಾರದ್ದು ನಾ ಯಾರ ಮೈಮ್ಯಾಲೂ ಹಾಕಂಗಿಲ್ಲ.”

ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದಳು. “ಉತ್ತಮನ್ನ ಕರಕೊಂಡು ಬರ್ಲಿಕ್ಹತ್ತೇನಣ್ಣಾ. ಅವ್ವನ ಮಗ್ಗಲಕ ಕುಣಿ ತೋಡಸು.”  ಆ ಕಡೆಯಿಂದ ಫೋನು ಕಟ್ಟಾಯಿತು.

ಕಲೀಮ ಎಂಬುವನ ಗಾಡಿ ಸಿಕ್ಕಿತು. ಮುಂದೆ ಅವನ ಪಕ್ಕ ಸಂಘಪಾಲ, ಹಿಂದೆ ಹೆಣದ ಒಂದು ಬದಿಗೆ ಕೌಸಲ್ಯಾಬಾಯಿ, ಇನ್ನೊಂದು ಬದಿಗೆ ಪ್ರಣಿತಾ. ಬೀದರಿನ ಕೆಂಪು ನೆಲ ಹಿಂದಾಗಿ ಗಾಡಿ ಇಳಿಜಾರಿಗೆ ಬಂದಾಗ ಕೌಸಲ್ಯಾಬಾಯಿ ಬಾಯಿ ತೆರೆದಳು.

“ನಮ್ಮ ಬೌದ್ಧರ ಪಂಚಶೀಲದ ಝಂಡಾದಾಗ ಒಂದೊಂದು ಬಣ್ಣಕ್ಕ ಒಂದೊಂದು ಅರ್ಥ ಅದ. ನೀಲಿ ಅಂದ್ರ ಕರುಣಾ. ಹಳದಿ ಅಂದ್ರ ನಡುವಿನ ದಾರಿ. ಬಿಳಿ ಅಂದ್ರ ಶುದ್ಧ. ಕಡೀ ಪಟ್ಯಾಗ ಎಲ್ಲಾ ಬಣ್ಣಾ ಕೂಡಿರ್ತಾವ. ಸಣ್ಣಾಕಿದ್ದಾಗ ಉತ್ತಮಗ ನಾನೇ ಕಲಿಸಿದ್ದೆ. ನಿಮ್ಮದರಾಗ ಏನದ, ಹೇಳು.”

ಪ್ರಣಿತಾ ಅದನ್ನು ತನ್ನ ತೊಡೆಯ ಮೇಲೆ ಬಿಚ್ಚಿದಳು.

“ಎರಡೂ ಅಂಚಿನ ನೀಲಿ ಗಂಡುಮಕ್ಕಳದ್ರಿ. ಗುಲಾಬಿ ಹೆಣ್ಣುಮಕ್ಕಳದು. ನಡುವಿನ ಬಿಳಿ, ಇಲ್ಲಿಂದ ಅಲ್ಲಿಗಿ ದಾಟ್ಲಿಕ್ಹತ್ತಿದವರದು. ನಾವು ಎರಡೂ ಅಲ್ಲ ಅನ್ನವರದೂ ಅದೇ.”

“ಯಾರು ಮಾಡಿದ್ದು?”

“ಅಮೆರಿಕಾದಾಗ ನಮ್ಮಂಥಾಕೀನೇ ಒಬ್ಬಾಕಿ. ಮೊದಲ ನೌಕಾದಳದಾಗ ನೌಕರಿ ಮಾಡ್ತಿದ್ಳಂತ. ಇಪ್ಪತ್ತೈದು ವರ್ಷದ ಮ್ಯಾಲಾತು. ಇದಕ್ಕ ಮ್ಯಾಲಿಂದು ಕೆಳಗಿಂದು ಅಂತ ಇಲ್ರಿ ದೊಡ್ಡವ್ವಾ. ಹ್ಯಾಂಗ ಹಿಡದ್ರೂ ಅದೇ ಸಾಲಿನಾಗ ಬರ್ತಾವ. ನೀವು ಹ್ಯಾಂಗ ಇದ್ರೂ ಸರೀನೇ ಇದ್ದೀರಿ ಅಂತ ಅದರ ಅರ್ಥ.”

ಕೌಸಲ್ಯಾಬಾಯಿ ಬಟ್ಟೆಯನ್ನು ತೆಗೆದುಕೊಂಡು ತಿರುಗಿಸಿದಳು. ಹೌದು, ಅದೇ ನೀಲಿ, ಅದೇ ಗುಲಾಬಿ. ಮತ್ತೊಮ್ಮೆ ತಿರುಗಿಸಿದಳು.

ಮುಂದಿನಿಂದ ಸಂಘಪಾಲ ಹಿಂದೆ ತಿರುಗದೆಯೇ ಕೇಳಿದ: “ಕಾಮನಬಿಲ್ಲಿಂದು ಒಂದು ಇರ್ತದಲ್ಲ? ಟೀವ್ಯಾಗ ನೋಡೇನಿ.”

“ಅದು ನಮ್ಮಂಥವರು ಎಲ್ಲಾರೂ ಕೂಡಿದ್ದು ಸರ್. ಗಂಡಸನ್ನ ಪ್ರೀತಿ ಮಾಡೋ ಗಂಡಸರು, ಹೆಂಗಸನ್ನ ಪ್ರೀತಿ ಮಾಡೋ ಹೆಂಗಸರು, ನಾವು, ಎಲ್ಲಾರೂ. ಅದಕ್ಕಿಂತ ಮೊದಲ ಝಂಡಾ ಇರ್ಲಿಲ್ಲ. ಹಿಟ್ಲರನ ಸೆರೆಮನ್ಯಾಗ ಅಂಥಾ ಗಂಡಸರ ಅಂಗಿ ಮ್ಯಾಲ ಗುಲಾಬಿ ತ್ರಿಕೋನ ಹೊಲಸ್ತಿದ್ರಂತ, ಗುರ್ತು ಸಿಗ್ಲಿ ಅಂತ. ಬಾಳ ಮಂದಿ ಅಲ್ಲೇ ಸತ್ರು. ಆಮ್ಯಾಲಿನವರು ಅದನ್ನೇ ಎದಿ ಮ್ಯಾಲ ಹಚ್ಕೊಂಡು ಹೋರಾಟ ಮಾಡಿದ್ರು. ಆದ್ರ ಕೊಲ್ಲವರು ಕೊಟ್ಟ ಗುರ್ತು ಎಷ್ಟು ದಿನ ಹೊರೋದು? ಅದಕ್ಕ ಸ್ಯಾನ್ ಫ್ರಾನ್ಸಿಸ್ಕೋದಾಗ ಕೆಲವರು ಕೂಡಿ ತಾವೇ ಬಟ್ಟಿಗಿ ಬಣ್ಣಾ ಹಾಕಿ ಕಾಮನಬಿಲ್ಲು ಹೊಲಿದ್ರು. ಎಪ್ಪತ್ತೆಂಟರಾಗ. ಆವಾಗ ಎಂಟು ಬಣ್ಣ ಇದ್ವು.”

“ಈಗ?” ಎಂದಳು ಕೌಸಲ್ಯಾಬಾಯಿ.

“ಆರು. ಗಾಢ ಗುಲಾಬಿ ಬಟ್ಟಿ ಬೇಕಾದಷ್ಟು ಸಿಗಲಿಲ್ಲಂತ, ಬಿಟ್ರು. ಆಮ್ಯಾಲ ರಸ್ತಾದ ಎರಡೂ ಕಡಿ ಸಮ ಸಮ ಕಟ್ಲಿಕ್ಕ ಬರ್ಲಿ ಅಂತ ಇನ್ನೊಂದು ತಗದ್ರು.”

“ಬಟ್ಟಿ ಸಿಗಲಿಲ್ಲಂತ ಬಣ್ಣಾ ಬಿಡೋದಾ?”

ಪ್ರಣಿತಾಳ ಮುಖದಲ್ಲಿ ಆ ದಿನ ಮೊದಲ ಸಲ ನಗೆಯಂಥದ್ದೇನೋ ಮೂಡಿತು. “ಅವ್ವನೂ ಹಿಂಗೇ ಕೇಳಿದ್ಳರಿ. ಬೀದರದಾಗ ನಾವು ಒಂದ್ಸಲ ಹದಿನೈದಿಪ್ಪತ್ತು ಮಂದಿ ಕೂಡಿ ಮೆರವಣಿಗಿ ಮಾಡಿದ್ವಿ. ಕಲಬುರಗಿಯಿಂದ ಬಂದ ಹುಡುಗಿ ಈ ಕಥಿ ಹೇಳಿದ್ಳು. ಅವ್ವ ಮರುದಿನ ಲಾಲ ಅಹ್ಮದ ಸೇಠರ ದುಕಾನದಾಗ ನೀಲಿ ಬಟ್ಟಿ ತಂದ್ಳು. ಗುಲಾಬಿ ಅಲ್ಲಿ ಸಿಗಲಿಲ್ಲ. ಮನಿಗಿ ಬಂದು ತನ್ನ ಸೀರಿ ಹರದ್ಳು.”

ಕೌಸಲ್ಯಾಬಾಯಿ ಗುಲಾಬಿ ಪಟ್ಟಿಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಪ್ರಣಿತಾ ಮುಂದುವರಿಸಿದಳು: “ಈಗೀಗ ಕಾಮನಬಿಲ್ಲಿಗಿ ಕಪ್ಪು ಪಟ್ಟಿ, ಕಂದು ಪಟ್ಟಿ ಸೇರ್ಸ್ಯಾರ. ಮೈಬಣ್ಣ ನೋಡಿ ತಮ್ಮವರನ್ನೇ ದೂರ ಇಡೋದು ಅವರೊಳಗೂ ನಡೀತಿತ್ತಂತ.”

ಸಂಘಪಾಲ ಈಗ ಹಿಂದೆ ತಿರುಗಿದ. “ಅವರೊಳಗೂ?”

“ಹೌದ್ರಿ ಸರ್. ನಮ್ಮೊಳಗೂ ನಡೀತದ. ಅವ್ವನ ಜಾತಿ ಕೇಳಿ ಊಟದ ಪಂಕ್ತಿ ಬ್ಯಾರೆ ಮಾಡಿದವರು ಇದ್ದಾರ.”

ಅವನು ಮತ್ತೆ ಮುಂದೆ ತಿರುಗಿ ಕೂತ. ಕಪ್ಪು ಹೊಲಗಳಲ್ಲಿ ಸೋಯಾ ಬಿತ್ತನೆ ನಡೆದಿತ್ತು. ಕೌಸಲ್ಯಾಬಾಯಿ ಬಟ್ಟೆಯ ಒಂದು ತುದಿಯನ್ನು ಪ್ರಣಿತಾಳಿಗೆ ಕೊಟ್ಟು, ಇನ್ನೊಂದು ತುದಿಯನ್ನು ತಾನು ಹಿಡಿದು, ಇಬ್ಬರೂ ಸೇರಿ ಅದನ್ನು ಸುಮನಳ ಮೇಲೆ ಹರಡಿದರು.

ಖಟಕ ಚಿಂಚೋಳಿಯಲ್ಲಿ ಕುಣಿ ತೋಡಿ ಸಿದ್ಧವಾಗಿತ್ತು. ಹಳ್ಳದ ದಂಡೆಯ ರುದ್ರಭೂಮಿಯಲ್ಲಿ, ತಾಯಿಯ ಸಮಾಧಿಯ ಪಕ್ಕಕ್ಕೇ. ದತ್ತಾತ್ರಿಗೆ ಎಪ್ಪತ್ತು ದಾಟಿತ್ತು. ಬಿಳಿ ಅಂಗಿ ಹಾಕಿಕೊಂಡು, ಬಡಿಗೆ ಊರಿಕೊಂಡು ಅಲ್ಲಿಯೇ ನಿಂತಿದ್ದ. ಸತ್ತು ಹೋದವನು ಮತ್ತೆ ಸತ್ತು ಬಂದಿದ್ದಾನೆ ಎಂಬ ಸುದ್ದಿಗೆ ಓಣಿಯ ಮಂದಿಯೆಲ್ಲ ಸೇರಿದ್ದರು. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಆದರೂ ಅವನ ಮುಖ ಸುಟ್ಟವರ ಮುಖದಂತೆ ಆಗಿತ್ತು.

“ಮನಿಗಿ ಒಯ್ಯೋದು ಬ್ಯಾಡ,” ಎಂದ. “ಸೀದಾ ಇಲ್ಲೇ ಇಳಿಸ್ರಿ. ಮುಖ ತಗೀಬ್ಯಾಡ್ರಿ.”

ಆದರೆ ತಾಯಿಯ ಓರಗೆಯ ಮುದುಕಿಯೊಬ್ಬಳು ಅಷ್ಟರಲ್ಲಿ ಗಾಡಿಯ ಹತ್ತಿರ ಬಂದು ಬಟ್ಟೆ ಸರಿಸಿಬಿಟ್ಟಿದ್ದಳು. “ಅಯ್ಯ ನಮ್ಮವ್ವಾ! ಥೇಟ ಇವರವ್ವ!” ಎಂದು ಅತ್ತಳು. ಆಮೇಲೆ ಒಬ್ಬೊಬ್ಬರಾಗಿ ಹೆಂಗಸರು ಬಂದು ನೋಡಿದರು. ಕೆಲವರು ಕೈ ಮುಗಿದರು, ಕೆಲವರು ಸೆರಗು ಬಾಯಿಗೆ ಇಟ್ಟುಕೊಂಡು ಹಿಂದೆ ಸರಿದರು. ಪ್ರಣಿತಾಳ ಹತ್ತಿರ ಯಾರೂ ನಿಲ್ಲಲಿಲ್ಲ.

ವಿಹಾರದಿಂದ ಬಂದವರು ತ್ರಿಶರಣ ಹೇಳಿಸಿದರು. ಎಲ್ಲರ ದನಿಯಲ್ಲಿ ಪ್ರಣಿತಾಳದ್ದೂ ಸೇರಿತ್ತು, ಸುಮನ ಕಲಿಸಿದ್ದಳು. ಮುಗಿದ ಮೇಲೆ ದತ್ತಾತ್ರಿ ಬಡಿಗೆ ಎತ್ತಿ ತೋರಿಸಿದ.

“ವಿಹಾರದ ಬಿಳಿ ಬಟ್ಟಿ ಅದ, ಸಾಕು. ಆ ಚಿಂದಿ ತಗೀರಿ.”

“ಅದು ಚಿಂದಿ ಅಲ್ಲಣ್ಣಾ,” ಎಂದಳು ಕೌಸಲ್ಯಾಬಾಯಿ. “ಅದರ ಅರ್ಥ ನಾ ಕೇಳ್ಕೊಂಡೇ ಹೊಚ್ಚೇನಿ.”

“ಅರ್ಥ ಯಾರಿಗಿ ಬೇಕಾಗ್ಯಾದ? ಮಂದಿ ನಗ್ಲಿಕ್ಹತ್ಯಾರ, ಕಣ್ಣಿಲ್ಲೇನು ನಿನಗ? ಅಂವ ಬದುಕಿದ್ದಾಗ ಮರ್ಯಾದಿ ಕಳದ. ಸತ್ತೂ ಕಳೀಬೇಕಾ?”

“ಬದುಕಿದ್ದಾಗ ನೀ ಆಕೀನ ಸಾಯಿಸಿದ್ದಿ. ಇವತ್ತೊಂದು ದಿನ ಬಿಡು.”

ಅವಳು ಅಣ್ಣನ ಎದುರು ಆ ದನಿಯಲ್ಲಿ ಎಂದೂ ಮಾತಾಡಿದವಳಲ್ಲ. ದತ್ತಾತ್ರಿ ಅವಳ ಕಡೆ ನೋಡದೆ ಸೋದರಳಿಯನ ಕಡೆ ತಿರುಗಿದ.

“ಸಂಘಪಾಲ, ನೀ ಓದಿದವ. ಮಗಳ ಲಗ್ನ ಮಾಡವ. ನೀ ಹೇಳಪ್ಪ, ತಗಿ ಅಂತ ಹೇಳು.”

ಸಂಘಪಾಲ ಅಂಗಿಯ ತೋಳು ಮಡಿಸಿಕೊಂಡು ಕುಣಿಯೊಳಗೆ ಇಳಿದು ನಿಂತಿದ್ದ, ಹೆಣವನ್ನು ಕೆಳಗಿನಿಂದ ಹಿಡಿಯಲು. ಹಸಿ ಎರೆಮಣ್ಣು ಅವನ ಮೊಣಕಾಲಿನ ತನಕ ಮೆತ್ತಿತ್ತು. ಅವನು ತಲೆಯೆತ್ತಿ ನೋಡಿದ. ಮೇಲೆ ಸುತ್ತ ನಿಂತ ಮುಖಗಳು. ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಪ್ರಣಿತಾ ತೆಗೆಯಲೆಂದು ಆಗಲೇ ಬಟ್ಟೆಯ ತುದಿಗೆ ಕೈ ಹಾಕಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇಂಥ ಹೊತ್ತಿನಲ್ಲಿ ಸರಿದುಕೊಂಡು ಅಭ್ಯಾಸವಾದವರ ಮುಖ ಅದು.

“ಹಂಗೇ ಕೊಡ್ರಿ,” ಎಂದ ಸಂಘಪಾಲ.

“ಮತ್ತ ಝಂಡಾ?” ಎಂದು ಯಾರೋ ಕೇಳಿದರು.

“ಇರ್ಲಿ. ಅದು ಮೌಶೀದು.”

ತಾಯಿಯ ತಂಗಿಯನ್ನು ಆ ಮನೆಗಳಲ್ಲಿ ಮೌಶಿ ಎಂದು ಕರೆಯುತ್ತಾರೆ. ಮುಂಜಾನೆಯಿಂದ ಮಾಮಾ ಎನ್ನುತ್ತಿದ್ದ ಬಾಯಿಂದ ಆ ಮಾತು ಬಂದದ್ದನ್ನು ಎಲ್ಲರೂ ಕೇಳಿದರು. ಕೌಸಲ್ಯಾಬಾಯಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ನಾಲ್ಕು ಜನ ಹಗ್ಗ ಇಳಿಬಿಟ್ಟರು. ಸಂಘಪಾಲ ಎರಡು ಕೈಯಲ್ಲಿ ಹಿಡಿದು ಮಲಗಿಸಿದ. ಜಡೆಯನ್ನು ಹೆಗಲ ಮೇಲೆ ಸರಿಮಾಡಿದ. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ದತ್ತಾತ್ರಿ ಹಾಕಲಿಲ್ಲ. ಕುಣಿ ಮುಚ್ಚುವ ತನಕ ನಿಂತಿದ್ದು, ಆಮೇಲೆ ಒಬ್ಬನೇ ಬಡಿಗೆ ಊರುತ್ತ ಮನೆಯ ಕಡೆ ಹೋದ.

ಮೊಬೈಲಿನಲ್ಲಿ ತೆಗೆದದ್ದು ಮರುದಿನವೇ ಭಾಲ್ಕಿಗೆ ಬಂತು, ಬುಧವಾರದ ಹೊತ್ತಿಗೆ ಕಮಲನಗರಕ್ಕೂ ಹೋಯಿತು. ಅಲ್ಲಿಯವರು ಫೋನು ಮಾಡಿ, ಸದ್ಯಕ್ಕೆ ಬರುವುದಾಗುವುದಿಲ್ಲ ಎಂದು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ಸಾನಿಕಾ ಯಾರನ್ನೂ ದೂರಲಿಲ್ಲ. ಆದರೆ ಫೋಟೋದಲ್ಲಿ ಕಂಡಿದ್ದ ಆ ಹುಡುಗ ಅವಳಿಗೆ ಹಿಡಿಸಿದ್ದ. ಅವಳು ಬಚ್ಚಲುಮನೆಯಲ್ಲಿ ನೀರು ಬಿಟ್ಟುಕೊಂಡು ಅಳುವುದು ಅಜ್ಜಿಗೆ ಕೇಳಿಸುತ್ತಿತ್ತು. ಶಾಲೆಯಲ್ಲಿ ಇಬ್ಬರು ಮಾಸ್ತರರು ಸಂಘಪಾಲನನ್ನು ಕಂಡಾಗ ಮಾತು ನಿಲ್ಲಿಸಿದರು. ಬೇರೊಬ್ಬ ಮಾಸ್ತರ ಮಾತ್ರ ಹತ್ತಿರ ಬಂದು, ತನ್ನ ಅಣ್ಣನ ಮಗನೂ ಹೀಗೆಯೇ ಇದ್ದಾನೆ, ಪುಣೆಯಲ್ಲಿದ್ದಾನೆ ಎಂದು ಹೇಳಿ ಹೋದ.

ಸಂಘಪಾಲ ತಾಯಿಯೊಡನೆ ಮಾತು ಕಡಿಮೆ ಮಾಡಿದ. ವಾರದ ಮೇಲೆ ಅವಳೇ ಊಟಕ್ಕೆ ಬಡಿಸುತ್ತ ಕೇಳಿದಳು.

“ನನ್ನ ಮ್ಯಾಲ ಸಿಟ್ಟದೇನಪ್ಪ? ಸಾನಿಕಾಂದು ಹಿಂಗಾತಂತ?”

“ಸಿಟ್ಟದ,” ಎಂದ ಅವನು. “ಅದಕ್ಕಲ್ಲ. ಇಷ್ಟು ವರ್ಷ ನನಗ ಯಾಕ ಹೇಳ್ಲಿಲ್ಲ ನೀ? ಒಂದು ತಾಸಿನ ದಾರಿ ಅದ ಬೀದರ. ಒಂದ್ಸಲ ಹೋಗಿ ನೋಡ್ತಿದ್ದೆ.”

 ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ ಕೂತಳು. ನಿಜವಾಗಿ ಹೋಗಿ ನೋಡುತ್ತಿದ್ದನೋ ಇಲ್ಲವೋ ಅವನಿಗೂ ಖಾತ್ರಿ ಇರಲಿಲ್ಲ. ಆದರೂ ಕೇಳುವುದನ್ನು ಕೇಳಿದ್ದ.

ಭಾಲ್ಕಿಯ ವಿಹಾರದಲ್ಲಿ ಈ ಸಲ ಸುಮನ ಎಂಬ ಹೆಸರಿನಲ್ಲೇ ಪುಣ್ಯಾನುಮೋದನ ನಡೆಯಿತು. ಸಂಘಪಾಲ ಹೆಸರು ಹೇಳಿದ. ಪ್ರಣಿತಾ ಕಾರಖಾನೆಗೆ ರಜೆ ಹಾಕಿ ಬಂದಿದ್ದಳು. ಊಟವಾದ ಮೇಲೆ ಕೌಸಲ್ಯಾಬಾಯಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

“ನಿಮ್ಮ ಊರು ಯಾವುದವ್ವ?”

“ಔರಾದರಿ.”

“ಅವ್ವ ಅದಾಳೇನು?”

“ಅದಾಳ್ರಿ. ಅಪ್ಪನೂ ಅದಾನ. ನಾ ಹೋಗಿ ಒಂಬತ್ತು ವರ್ಷ ಆತು.”

“ಕರ್ಯಲಿಲ್ಲೇನು?”

ಪ್ರಣಿತಾ ಇಲ್ಲವೆಂದು ತಲೆ ಅಲ್ಲಾಡಿಸಿದಳು.  ಕೌಸಲ್ಯಾಬಾಯಿ ಹೇಳಿದಳು: “ನಾನೂ ಕರ್ದಿದ್ದಿಲ್ಲ. ಬ್ಯಾಡ ಅಂತಲ್ಲ. ಹ್ಯಾಂಗ ಕರೀಬೇಕು ತಿಳೀಲಿಲ್ಲ. ನಾಳಿಗಿ ಹೋಗಿ ಬರೋಣ. ನಾ ಬರ್ತೇನಿ ಜೋಡಿ.”

ಮರುದಿನ ಮಧ್ಯಾಹ್ನ ಇಬ್ಬರೂ ಔರಾದ ಬಸ್ ಸ್ಟ್ಯಾಂಡಿನಲ್ಲಿ ಇಳಿದರು. ಪ್ರಣಿತಾ ದಾರಿಯಲ್ಲಿ ಎರಡು ಸಲ ನಿಂತಳು. ಮನೆ ಓಣಿಯ ಕಡೆಯಲ್ಲಿತ್ತು. ಬಾಗಿಲು ತೆರೆದವಳು ತಾಯಿ ಅಂಬೂಬಾಯಿಯೇ. ಮಗಳನ್ನು ಕಂಡು ಒಳಗೆ ತಿರುಗಿ ನೋಡಿದಳು. ಒಳಗೆ ಗಂಡ ಶಿವರಾಜ ಮಲಗಿದ್ದ. ಅವಳು ಒಳಗೆ ಕರೆಯಲಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಬಂದು, ಕಟ್ಟೆಯ ಮೇಲೆ ಅವರ ಎದುರು ಕೂತಳು.

“ನೀವು ಯಾರ್ರಿ?” ಎಂದು ಕೌಸಲ್ಯಾಬಾಯಿಯನ್ನು ಕೇಳಿದಳು.

“ಭಾಲ್ಕಿಯಾಕಿ. ನಿಮ್ಮ ಮಗಳು ನಮ್ಮ ತಂಗೀನ ಸಾಯೋತನಕ ನೋಡ್ಯಾಳ. ಅದು ನಿಮಗ ಹೇಳಿ ಹೋಗೋಣಂತ ಬಂದೆ.”

ಮಗಳು ಎಂಬ ಮಾತಿಗೆ ಅಂಬೂಬಾಯಿ ಅಲುಗಿದಳು. ಅವಳು ಮಳೆ ಹೇಗೆ ಎಂದು ಕೇಳಿದಳು, ಭಾಲ್ಕಿಯಲ್ಲಿ ಬಿತ್ತನೆ ಆಯಿತೇ ಎಂದು ಕೇಳಿದಳು. ಎಲ್ಲವನ್ನೂ ಕೌಸಲ್ಯಾಬಾಯಿಗೇ ಕೇಳಿದಳು. ಪ್ರಣಿತಾ ತಲೆ ತಗ್ಗಿಸಿ ಕೂತಿದ್ದಳು. ಮಾತು ಮುಗಿದಾಗ ಅಂಬೂಬಾಯಿಯ ಕೈ ತಾನಾಗಿ ಮುಂದೆ ಬಂದು ಪ್ರಣಿತಾಳ ಕಿವಿಯ ಓಲೆಯನ್ನು ಮುಟ್ಟಿತು.

“ಕಿವಿ ಯಾವಾಗ ಚುಚ್ಚಿಸ್ಕೊಂಡಿ?”

“ಆರು ವರ್ಷ ಆತವ್ವ.”

“ಬಾಳ ನೋವಾತೇನು?”

“ಆತು.”

ಅಂಬೂಬಾಯಿ ಓಲೆಯಿಂದ ಕೈ ತೆಗೆಯಲಿಲ್ಲ. ಒಳಗಿನಿಂದ ಶಿವರಾಜ, ಹೊರಗೆ ಯಾರು ಬಂದಿದ್ದಾರೆ ಎಂದು ಕೂಗಿ ಕೇಳಿದ. ಅವಳು ಅಲ್ಲಿಂದಲೇ ಉತ್ತರ ಕೊಟ್ಟಳು:

“ನಮ್ಮವರೇ ಬಂದಾರ. ಎದ್ದು ಬಾ.”